ಸಾವಿರದಲ್ಲಿ ಮೂರು ಕೋಶ: ಔಷಧಿಗೆ ಸಾಯದೆ ಉಳಿದ ಪಿಸಿ9 ಪ್ರಕರಣ

ಕ್ಯಾನ್ಸರ್ ಕೋಶಗಳಿಗೆ ಔಷಧಿ ಹಾಕಿದ ಒಂಬತ್ತನೇ ದಿನ ಫ್ಲಾಸ್ಕನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದರೆ ಮೊದಲು ಕಾಣುವುದು ಖಾಲಿ ಜಾಗ. ಹೋದ ವಾರ ಇದೇ ಫ್ಲಾಸ್ಕಿನ ತಳದಲ್ಲಿ ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕಿಕ್ಕಿರಿದಿದ್ದವು. ಈಗ ಸತ್ತವು ದುಂಡಗಾಗಿ, ತಳ ಬಿಟ್ಟು, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ತೇಲುತ್ತಿವೆ. ಹಳೇ ದ್ರವ ಚೆಲ್ಲಿ ಹೊಸದು ಹಾಕಿದರೆ ಅವೂ ಹೋಗುತ್ತವೆ. ಆಮೇಲೆ ಫ್ಲಾಸ್ಕನ್ನು ಮೆಲ್ಲಗೆ ಆಚೀಚೆ ಸರಿಸುತ್ತಾ ಹುಡುಕಬೇಕು. ಮೂಲೆಯಲ್ಲಿ ಒಂದು. ಇನ್ನೆಲ್ಲೋ ಎರಡು. ಚಪ್ಪಟೆಯಾಗಿ ತಳಕ್ಕೆ ಅಂಟಿಕೊಂಡು ಕೂತಿವೆ. ಬೆಳೆಯುತ್ತಿಲ್ಲ, ಒಡೆದು ಎರಡಾಗುತ್ತಲೂ ಇಲ್ಲ. ಆದರೆ ಸತ್ತಿಲ್ಲ.

ಈ ಪ್ರಕರಣ ಇರುವುದು ಆ ಎರಡು ಮೂರು ಕೋಶಗಳ ಬಗ್ಗೆ. ಅವು ಯಾಕೆ ಉಳಿದವು? ಬಹಳ ದಿನ ಎಲ್ಲರೂ ಕೊಡುತ್ತಿದ್ದ ಉತ್ತರ ಒಂದೇ: ಅವುಗಳ ಜೀನ್‌ನಲ್ಲಿ ಏನೋ ಬದಲಾಗಿರಬೇಕು, ಹೊಸ ಮ್ಯುಟೇಶನ್ ಬಂದಿರಬೇಕು. 2010ರಲ್ಲಿ ಬಾಸ್ಟನ್ನಿನ ಒಂದು ತಂಡ ಆ ಉತ್ತರ ಇಲ್ಲಿ ಹೊಂದುವುದಿಲ್ಲ ಎಂದು ತೋರಿಸಿತು. ಈ ಕೋಶಗಳು ಉಳಿದದ್ದು ಹೊಸ ಮ್ಯುಟೇಶನ್‌ನಿಂದ ಆಗಿರಲಿಲ್ಲ. ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನುವ ಏರ್ಪಾಡು ಮಾತ್ರ ಬದಲಾಗಿತ್ತು. ಹಾಗೆ ಬದಲಾದ ಕೋಶದ ನಡವಳಿಕೆ ಸ್ಟೆಮ್ ಸೆಲ್, ಅಂದರೆ ಕಾಂಡಕೋಶದ ನಡವಳಿಕೆಗೆ ಹತ್ತಿರವಾಗಿತ್ತು.

ಪಿಸಿ9 ಅಂದರೆ ಏನು

ಪಿಸಿ9 ಒಂದು ಸೆಲ್ ಲೈನ್. ಜಪಾನಿನಲ್ಲಿ ಒಬ್ಬ ರೋಗಿಯ ಶ್ವಾಸಕೋಶದ ಅಡಿನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರಿನಿಂದ ತೆಗೆದು ಬೆಳೆಸಿದ ಕೋಶಗಳ ಸಂತತಿ ಅದು. ಇವತ್ತು ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ಬೆಳೆಯುತ್ತಿದೆ. ಈ ಕೋಶಗಳಲ್ಲಿ ಇಜಿಎಫ್‌ಆರ್ ಅನ್ನುವ ಜೀನ್‌ನ 19ನೇ ಎಕ್ಸಾನ್‌ನಲ್ಲಿ, ಅಂದರೆ 19ನೇ ತುಂಡಿನಲ್ಲಿ, ಡಿಎನ್‌ಎಯ 15 ಅಕ್ಷರಗಳು ಬಿಟ್ಟುಹೋಗಿವೆ. ಅದರಿಂದ ಪ್ರೋಟೀನ್‌ನಲ್ಲಿ 5 ಅಮೈನೋ ಆಮ್ಲಗಳು ಕಡಿಮೆ. ಅಷ್ಟೇ. ಆದರೆ ಅಷ್ಟರಿಂದಲೇ ದೊಡ್ಡ ಅನಾಹುತ ಆಗುತ್ತದೆ. ಇಜಿಎಫ್‌ಆರ್ ಕೋಶದ ಮೈಮೇಲೆ ಕೂತು, ಹೊರಗಿನಿಂದ 'ಬೆಳೆ' ಅನ್ನುವ ಸಂದೇಶ ಬಂದಾಗ ಮಾತ್ರ ಒಳಗೆ ತಿಳಿಸಬೇಕಾದ ಪ್ರೋಟೀನ್. ಈ ತುಣುಕು ಬಿಟ್ಟುಹೋದರೆ ಸಂದೇಶ ಬರಲಿ ಬಿಡಲಿ, ಹಗಲೂ ರಾತ್ರಿ ಬೆಳೆ, ಬೆಳೆ ಎನ್ನುತ್ತಲೇ ಇರುತ್ತದೆ.

ಈ ಮ್ಯುಟೇಶನ್‌ಗೂ ಔಷಧಿಗೂ ಇರುವ ನಂಟು ಗೊತ್ತಾಗಿದ್ದು 2004ರಲ್ಲಿ. ಜೆಫಿಟಿನಿಬ್ ಎಂಬ ಮಾತ್ರೆ ಕೆಲವೇ ರೋಗಿಗಳಲ್ಲಿ ಪವಾಡದಂತೆ ಕೆಲಸ ಮಾಡುತ್ತಿತ್ತು, ಉಳಿದವರಲ್ಲಿ ಏನೂ ಆಗುತ್ತಿರಲಿಲ್ಲ. ಕೆಲಸ ಮಾಡಿದವರ ಗಡ್ಡೆಯನ್ನು ಪರೀಕ್ಷಿಸಿದಾಗ ಇಜಿಎಫ್‌ಆರ್ ಮ್ಯುಟೇಶನ್ ಸಿಕ್ಕಿತು. ಬೀಡಿ ಸಿಗರೇಟು ಮುಟ್ಟದವರಲ್ಲಿ, ಹೆಂಗಸರಲ್ಲಿ, ಏಷ್ಯಾದವರಲ್ಲಿ ಇದು ಜಾಸ್ತಿ. ನಮ್ಮ ದೇಶದಲ್ಲೂ ಶ್ವಾಸಕೋಶದ ಅಡಿನೋಕಾರ್ಸಿನೋಮ ಬಂದವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ಮ್ಯುಟೇಶನ್ ಇರುತ್ತದೆ. ಆದ್ದರಿಂದ ಪಿಸಿ9 ಎಲ್ಲೋ ಜಪಾನಿನ ಕಥೆ ಅಂತ ನಾನು ಅಂದುಕೊಳ್ಳುವುದಿಲ್ಲ. ದಿನಕ್ಕೊಂದು 250 ಮಿಲಿಗ್ರಾಂ ಮಾತ್ರೆ ನುಂಗುತ್ತಾ, ಮುಖದ ತುಂಬಾ ಮೊಡವೆಯಂಥ ಗುಳ್ಳೆ ಎದ್ದಿದ್ದರೂ 'ಉಸಿರಾಟ ಸಲೀಸಾಯ್ತಲ್ಲ, ಅಷ್ಟು ಸಾಕು' ಅನ್ನುವ ಎಷ್ಟೋ ಮನೆಗಳ ಕಥೆ ಇದು.

ಆ ಮನೆಗಳಿಂದ ಬರುವ ಒಂದು ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. ನಮ್ಮ ಬೀದಿಯ ಅಜ್ಜಿಯೊಬ್ಬರು ರಿಪೋರ್ಟ್ ಕವರನ್ನು ಎದೆಗೆ ಒತ್ತಿ ಹಿಡಿದುಕೊಂಡು ಕೇಳಿದ್ದರು: "ಸ್ಕ್ಯಾನ್‌ನಲ್ಲಿ ಏನೂ ಕಾಣ್ತಿಲ್ಲ ಅಂದ್ರಲ್ಲಪ್ಪಾ, ಇನ್ನು ಮಾತ್ರೆ ಯಾಕೆ?"

2010ರ ಪ್ರಯೋಗ

ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್‌ನ ಕ್ಯಾನ್ಸರ್ ಸೆಂಟರ್‌ನಲ್ಲಿ ಜೆಫ್ರಿ ಸೆಟಲ್‌ಮನ್ ಅವರ ತಂಡ ಇತ್ತು. ಶ್ರೀನಾಥ್ ಶರ್ಮ ಮತ್ತು ಜೊತೆಗಾರರು ಪಿಸಿ9 ಕೋಶಗಳಿಗೆ ಇಜಿಎಫ್‌ಆರ್ ತಡೆಯುವ ಔಷಧಿ ಹಾಕಿದರು. ಸ್ವಲ್ಪ ಅಲ್ಲ. ಅರ್ಧ ಕೋಶಗಳ ಬೆಳವಣಿಗೆ ನಿಲ್ಲಿಸಲು ಎಷ್ಟು ಬೇಕೋ ಅದರ ನೂರು ಪಟ್ಟಿಗಿಂತ ಜಾಸ್ತಿ. ಕೆಲವೇ ದಿನಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಒಂಬತ್ತು ದಿನದ ಹೊತ್ತಿಗೆ ಉಳಿದದ್ದು ಸುಮಾರು ಶೇಕಡಾ 0.3. ಸಾವಿರಕ್ಕೆ ಮೂರು.

ಇವುಗಳಿಗೆ ಪರ್ಸಿಸ್ಟರ್ ಎಂದು ಹೆಸರು. ಪಟ್ಟು ಹಿಡಿದು ಉಳಿದದ್ದು ಎಂದರ್ಥ. ಹೆಸರು ಹೊಸದಲ್ಲ. 1944ರಲ್ಲಿ ಜೋಸೆಫ್ ಬಿಗ್ಗರ್ ಎಂಬ ವಿಜ್ಞಾನಿ ಪೆನಿಸಿಲಿನ್ ಹಾಕಿದ ಮೇಲೂ ಕೆಲವೇ ಕೆಲವು ಬ್ಯಾಕ್ಟೀರಿಯಾ ಉಳಿಯುವುದನ್ನು ನೋಡಿ ಆ ಹೆಸರು ಕೊಟ್ಟಿದ್ದರು. ಅವುಗಳನ್ನು ಮತ್ತೆ ಬೆಳೆಸಿದರೆ ಸಂತತಿ ಮತ್ತೆ ಪೆನಿಸಿಲಿನ್‌ಗೆ ಸಾಯುತ್ತಿತ್ತು. ನಮ್ಮಲ್ಲಿ ಟಿಬಿ ಮಾತ್ರೆ ಆರು ತಿಂಗಳು ನುಂಗಿದವರಿಗೆ ಇದು ಅನುಭವದಿಂದಲೇ ಗೊತ್ತು. ಎರಡು ತಿಂಗಳಿಗೆ ಕೆಮ್ಮು ಹೋಗುತ್ತದೆ, ತೂಕ ಬರುತ್ತದೆ. ಆದರೂ ಬಿಡುವ ಹಾಗಿಲ್ಲ. ಸದ್ದಿಲ್ಲದೆ ಮಲಗಿರುವ ಕ್ರಿಮಿಗಳಿಗಾಗಿಯೇ ಉಳಿದ ನಾಲ್ಕು ತಿಂಗಳು.

ಪಿಸಿ9ನಲ್ಲೂ ಆದದ್ದು ಹಾಗೆಯೇ. ಔಷಧಿ ತೆಗೆದು ಸುಮ್ಮನೆ ಪೋಷಕ ದ್ರವದಲ್ಲಿ ಬಿಟ್ಟರೆ ಪರ್ಸಿಸ್ಟರ್ ಕೋಶಗಳು ಮತ್ತೆ ಒಡೆದು ಬೆಳೆದವು. ಹಾಗೆ ಬೆಳೆದ ಕೋಶಗಳಿಗೆ ಮತ್ತೆ ಔಷಧಿ ಹಾಕಿದರೆ, ಮತ್ತೆ ಬಹುಪಾಲು ಸತ್ತವು. ಅಂದರೆ ಆ ಶಕ್ತಿ ಮಕ್ಕಳಿಗೆ ಆಸ್ತಿಯಾಗಿ ಬಂದಿರಲಿಲ್ಲ.

ಇದು ಯಾಕೆ ಇಷ್ಟು ಮುಖ್ಯ? ಹೊಲದ ಮಾತು ತೆಗೆದುಕೊಳ್ಳಿ. ಕಳೆನಾಶಕ ಹೊಡೆದಾಗ ಒಂದು ಕಳೆ ಗಿಡ ಉಳಿಯಿತು, ಅದರ ಬೀಜದಿಂದ ಬಂದ ಗಿಡಗಳೂ ಔಷಧಿಗೆ ಜಗ್ಗಲಿಲ್ಲ ಅಂದರೆ ಅದು ಮ್ಯುಟೇಶನ್ ಲೆಕ್ಕ. ಗರಿಕೆಯ ದಾರಿ ಬೇರೆ. ಏಪ್ರಿಲ್ ಬಿಸಿಲಿಗೆ ಒಣಗಿ, ಸತ್ತಂತೆ ಬಿದ್ದಿರುತ್ತದೆ. ಮೊದಲ ಮಳೆಗೆ ಹಸಿರಾಗುತ್ತದೆ. ಅದೇನು ಬೇರೆ ಜಾತಿಯ ಗಿಡ ಆಗಿರಲಿಲ್ಲ, ಬೇರೆ ಸ್ಥಿತಿಗೆ ಹೋಗಿತ್ತು. ಪರ್ಸಿಸ್ಟರ್ ಗರಿಕೆಯ ದಾರಿ ಹಿಡಿದಿತ್ತು.

ತಂಡ ಇನ್ನೊಂದು ಪರೀಕ್ಷೆಯನ್ನೂ ಮಾಡಿತು. ಒಂದೇ ಒಂದು ಕೋಶದಿಂದ ಪೂರ್ತಿ ಹೊಸ ಸಂತತಿ ಬೆಳೆಸಿ, ಅದಕ್ಕೆ ಔಷಧಿ ಹಾಕಿತು. ಗಟ್ಟಿ ಕೋಶಗಳು ಮೊದಲೇ ಬೇರೆ ಇದ್ದಿದ್ದರೆ, ಕೆಲವು ಸಂತತಿಗಳಲ್ಲಿ ಮಾತ್ರ ಪರ್ಸಿಸ್ಟರ್ ಸಿಗಬೇಕಿತ್ತು. ಹಾಗಾಗಲಿಲ್ಲ. ಒಂಟಿ ಕೋಶದಿಂದ ಬಂದ ಸಂತತಿಗಳೂ ಮತ್ತೆ ಪರ್ಸಿಸ್ಟರ್‌ಗಳನ್ನು ಹುಟ್ಟಿಸಿದವು. ಪಿಸಿ9ನ ಯಾವ ಕೋಶದ ಸಂತತಿಗೂ ಆ ದಾರಿ ತೆರೆದೇ ಇತ್ತು.

ಇನ್ನೊಂದು ಸಂಗತಿ. ಔಷಧಿ ತೆಗೆಯದೆ ಹಾಗೇ ಬಿಟ್ಟರೆ ಪರ್ಸಿಸ್ಟರ್‌ಗಳಲ್ಲಿ ಸುಮಾರು ಶೇಕಡಾ 20ರಷ್ಟು ಕೊನೆಗೆ ಔಷಧಿಯ ನಡುವೆಯೇ ಎದ್ದು ಬೆಳೆಯತೊಡಗಿದವು. ಇವು ಮಲಗಿದ್ದವಲ್ಲ, ಎದ್ದು ಓಡಾಡುತ್ತಿದ್ದವು. ಇವುಗಳಿಂದ ಔಷಧಿ ತೆಗೆದರೂ ಹಳೇ ಸ್ಥಿತಿಗೆ ಮರಳಲು ಬಹಳ ತಲೆಮಾರು ಹಿಡಿಯಿತು. ಮರಳಿದ್ದಂತೂ ನಿಜ. ನನಗೆ ಈ ಪ್ರಯೋಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಈ ಭಾಗ. ಮರಳಬಲ್ಲ ಸ್ಥಿತಿಯೊಂದು ಹಂತ ಹಂತವಾಗಿ ರೂಢಿಯಾಗುತ್ತಾ ಹೋಗುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ನೂಲು, ಕಂಡಿಕೆ ಮತ್ತು ಒಂದು ಚೀಟಿ

ಹಾಗಾದರೆ ಕೋಶದೊಳಗೆ ಬದಲಾಗಿದ್ದು ಏನು?

ನಮ್ಮ ಹೆಚ್ಚುಕಡಿಮೆ ಪ್ರತಿ ಕೋಶದಲ್ಲೂ ಡಿಎನ್‌ಎ ಸುಮಾರು 2 ಮೀಟರ್ ಉದ್ದ ಇದೆ. ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಮೇಲೆ ಸುತ್ತಿಕೊಂಡಿರುತ್ತದೆ, ಮಗ್ಗದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಿದ ಹಾಗೆ. ನೂಲು ಬಿಗಿಯಾಗಿ ಸುತ್ತಿದ ಕಡೆ ಜೀನ್ ಓದಲು ಆಗುವುದಿಲ್ಲ. ಸಡಿಲ ಇರುವ ಕಡೆ ಓದಬಹುದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತೋರಿಸಲು ಹಿಸ್ಟೋನ್‌ಗಳ ಬಾಲಕ್ಕೆ ಚಿಕ್ಕ ಚಿಕ್ಕ ರಾಸಾಯನಿಕ ಚೀಟಿಗಳು ಅಂಟಿರುತ್ತವೆ. ಅವುಗಳಲ್ಲಿ ಒಂದು, ಮೂರನೇ ಹಿಸ್ಟೋನ್‌ನ ನಾಲ್ಕನೇ ಜಾಗದ ಲೈಸೀನ್ ಎಂಬ ಅಮೈನೋ ಆಮ್ಲದ ಮೇಲೆ ಅಂಟುವ ಮೀಥೈಲ್ ಗುರುತು. ಎಚ್3ಕೆ4 ಗುರುತು ಎನ್ನುತ್ತಾರೆ. ಓದಿಸಿಕೊಳ್ಳುತ್ತಿರುವ ಜೀನ್‌ಗಳ ಬಾಗಿಲಲ್ಲಿ ಸಾಮಾನ್ಯವಾಗಿ ಈ ಗುರುತು ಇರುತ್ತದೆ.

ಪರ್ಸಿಸ್ಟರ್ ಕೋಶಗಳಲ್ಲಿ ಈ ಗುರುತು ಕಡಿಮೆಯಾಗಿತ್ತು. ಅದನ್ನು ಕಿತ್ತುಹಾಕುವ ಕಿಣ್ವದ ಹೆಸರು ಕೆಡಿಎಂ5ಎ. ಪರ್ಸಿಸ್ಟರ್‌ಗಳಲ್ಲಿ ಆ ಕಿಣ್ವ ಹೆಚ್ಚಾಗಿತ್ತು. ತಂಡ ಆ ಕಿಣ್ವ ತಯಾರಾಗದಂತೆ ಮಾಡಿ ನೋಡಿತು. ಸಾಮಾನ್ಯ ಪಿಸಿ9 ಕೋಶಗಳಿಗೆ ಏನೂ ತೊಂದರೆ ಆಗಲಿಲ್ಲ, ಹಾಗೇ ಬೆಳೆದವು. ಔಷಧಿ ಹಾಕಿದಾಗ ಮಾತ್ರ ವ್ಯತ್ಯಾಸ ಕಂಡಿತು. ಔಷಧಿಯ ನಡುವೆ ಎದ್ದು ಬೆಳೆಯುವ ಕೋಶಗಳು ಬಹಳ ಕಡಿಮೆಯಾದವು. ಸುಖದ ಕಾಲದಲ್ಲಿ ಬೇಡದ ಕಿಣ್ವ ಕಷ್ಟಕಾಲದಲ್ಲಿ ಪ್ರಾಣ ಉಳಿಸುತ್ತಿತ್ತು ಎಂದಾಯಿತಲ್ಲ.

ಹಿಸ್ಟೋನ್ ಮೇಲಿನ ಅಸಿಟೈಲ್ ಗುರುತು ತೆಗೆಯುವ ಇನ್ನೊಂದು ಬಗೆಯ ಕಿಣ್ವಗಳಿವೆ, ಎಚ್‌ಡಿಎಸಿ ಎನ್ನುತ್ತಾರೆ. ಅವು ನೂಲನ್ನು ಬಿಗಿ ಮಾಡುತ್ತವೆ. ಅವುಗಳನ್ನು ತಡೆಯುವ ಟ್ರೈಕೋಸ್ಟಾಟಿನ್ ಎ ಎಂಬ ವಸ್ತುವನ್ನು ಹಾಕಿದಾಗ ಪರ್ಸಿಸ್ಟರ್‌ಗಳು ಬೇಗ ಸತ್ತವು. ಅದೇ ಪ್ರಮಾಣಕ್ಕೆ ಸಾಮಾನ್ಯ ಪಿಸಿ9 ಹಾಗೆ ಸಾಯಲಿಲ್ಲ. ಸಾವಿಗೆ ಜಗ್ಗದ ಕೋಶಕ್ಕೂ ತನ್ನದೇ ಒಂದು ಮೆದು ಜಾಗ ಇತ್ತು. ಇನ್ನು, ಕೆಡಿಎಂ5ಎ ಏರುವ ಹಿಂದೆ ಐಜಿಎಫ್1 ರಿಸೆಪ್ಟರ್ ಎಂಬ ಮತ್ತೊಂದು ಸಂದೇಶವಾಹಕದ ಕೈವಾಡ ಇತ್ತು. ಇಜಿಎಫ್‌ಆರ್ ಬಾಗಿಲು ಮುಚ್ಚಿದಾಗ ಕೋಶ ಹಿತ್ತಲ ಬಾಗಿಲು ತೆರೆದಿತ್ತು.

ಕಾಂಡಕೋಶದ ಗುಣ ಎಲ್ಲಿಂದ ಬಂತು

ಪರ್ಸಿಸ್ಟರ್‌ಗಳ ಮೈಮೇಲೆ ಸಿಡಿ133 ಎಂಬ ಗುರುತು ಕಂಡಿತು. ಹಲವು ಗಡ್ಡೆಗಳಲ್ಲಿ ಕಾಂಡಕೋಶದಂಥ ಕೋಶಗಳನ್ನು ಹುಡುಕಲು ಬಳಸುವ ಗುರುತು ಇದು. ಆದರೆ ಬರೀ ಒಂದು ಗುರುತು ನೋಡಿ ಕಾಂಡಕೋಶ ಎಂದು ತೀರ್ಮಾನಿಸುವುದು ತಪ್ಪು. ನಡವಳಿಕೆ ನೋಡಬೇಕು. ನಿಧಾನವಾಗಿ ಇರುವುದು, ಪೆಟ್ಟು ಬಿದ್ದಾಗ ಸಾಯದೆ ಕಾಯುವುದು, ಪೆಟ್ಟು ನಿಂತ ಮೇಲೆ ಎದ್ದು ಇಡೀ ಸಂಸಾರವನ್ನು ಮತ್ತೆ ಕಟ್ಟುವುದು. ಇವು ದೇಹದ ಎಷ್ಟೋ ಕಾಂಡಕೋಶಗಳ ಗುಣ. ಪರ್ಸಿಸ್ಟರ್‌ನಲ್ಲಿ ಇವೆಲ್ಲ ಇವೆ. ಅದಕ್ಕೇ ನಾನು 'ಕಾಂಡಕೋಶ' ಎನ್ನದೆ 'ಕಾಂಡಕೋಶದಂಥ' ಎನ್ನುತ್ತೇನೆ. ಇದು ಅದರ ಜಾತಿಯಲ್ಲ, ಹೊಕ್ಕು ಹೊರಬರುವ ಒಂದು ಸ್ಥಿತಿ.

ಶ್ವಾಸಕೋಶದ ಮಟ್ಟಿಗೆ ಇದಕ್ಕೆ ಇನ್ನೊಂದು ಹಿನ್ನೆಲೆ ಇದೆ. ನಮ್ಮ ಶ್ವಾಸಕೋಶದ ಗಾಳಿಚೀಲಗಳಲ್ಲಿ ಎರಡು ಬಗೆಯ ಕೋಶಗಳು ಮುಖ್ಯ. ಒಂದು, ಕಾಗದಕ್ಕಿಂತ ತೆಳ್ಳಗೆ ಹರಡಿ ಆಮ್ಲಜನಕವನ್ನು ರಕ್ತಕ್ಕೆ ದಾಟಿಸುವ ಟೈಪ್ 1. ಇನ್ನೊಂದು, ಗಾಳಿಚೀಲ ಮುದುಡದಂತೆ ಸಾಬೂನಿನ ನೊರೆಯಂಥ ಜಿಡ್ಡು ಸ್ರವಿಸುವ ಟೈಪ್ 2. ಸೋಂಕಿನಿಂದಲೋ ಗಾಯದಿಂದಲೋ ಟೈಪ್ 1 ಸತ್ತರೆ, ಟೈಪ್ 2 ಒಡೆದು ಹೆಚ್ಚಿ, ಕೆಲವು ಟೈಪ್ 1 ಆಗಿ ಬದಲಾಗಿ ತೂತು ಮುಚ್ಚುತ್ತವೆ. ಗಾಳಿಚೀಲದ ಕಾಂಡಕೋಶ ಈ ಟೈಪ್ 2 ಕೋಶವೇ. ಇಜಿಎಫ್‌ಆರ್ ಸಂದೇಶ ಈ ಒಡೆಯುವಿಕೆಯಲ್ಲಿ ಕೆಲಸ ಮಾಡುತ್ತದೆ. ಅಡಿನೋಕಾರ್ಸಿನೋಮ ಬಹಳ ಸಲ ಇಂಥ ಕೋಶಗಳಿಂದಲೇ ಹುಟ್ಟುತ್ತದೆ.

ಹಾಗಾಗಿ ಗಾಯ ಆದಾಗ ರಿಪೇರಿ ಮಾಡುವ ಪಾಠ ಈ ಕ್ಯಾನ್ಸರ್ ಕೋಶದ ಡಿಎನ್‌ಎಯಲ್ಲಿ ಮೊದಲಿಂದಲೂ ಇದೆ. ಔಷಧಿಯನ್ನು ಅದು ಗಾಯ ಎಂದು ತಿಳಿಯುತ್ತದೆ, ಆ ಹಳೇ ಪುಟ ತೆರೆಯುತ್ತದೆ. ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ.

ಇದು ಬರೀ ನನ್ನ ಊಹೆಯಲ್ಲ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಟ್ರೆವರ್ ಬಿವೋನ ಮತ್ತು ಜೊತೆಗಾರರು 30 ರೋಗಿಗಳ 49 ಬಯಾಪ್ಸಿಗಳನ್ನು ಒಂದೊಂದೇ ಕೋಶವಾಗಿ ಬಿಡಿಸಿ, ಯಾವ ಯಾವ ಜೀನ್ ಓದುತ್ತಿವೆ ಎಂದು ನೋಡಿದರು. ಔಷಧಿಯಿಂದ ಗಡ್ಡೆ ಕುಗ್ಗಿ, ಸ್ವಲ್ಪ ಉಳಿದ ಹಂತದ ಕೋಶಗಳಲ್ಲಿ ಕಂಡದ್ದು ಗಾಳಿಚೀಲ ರಿಪೇರಿಯ ಸಮಯದಲ್ಲಿ ಓದುವಂಥ ಜೀನ್‌ಗಳ ಗುಂಪು. ಗಡ್ಡೆ ಮತ್ತೆ ಬೆಳೆಯತೊಡಗಿದ ರೋಗಿಗಳಲ್ಲಿ ಚಿತ್ರ ಬೇರೆಯಾಗಿತ್ತು. ಫ್ಲಾಸ್ಕಿನಲ್ಲಿ ಹತ್ತು ವರ್ಷ ಮೊದಲು ಕಂಡ ನಡುವಿನ ಹಂತ ಮನುಷ್ಯರ ಎದೆಯೊಳಗೂ ಇತ್ತು.

ಕಾಯುವುದರಿಂದ ಕೋಶಕ್ಕೆ ಸಿಗುವುದು ಏನು

ಸಮಯ. ಅದೇ ದೊಡ್ಡ ಲಾಭ.

ಜೆಫಿಟಿನಿಬ್ ಅಥವಾ ಅದೇ ಬಗೆಯ ಎರ್ಲೋಟಿನಿಬ್ ತೆಗೆದುಕೊಂಡ ರೋಗಿಗಳಲ್ಲಿ ರೋಗ ಮರಳಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಇಜಿಎಫ್‌ಆರ್ ಜೀನ್‌ನಲ್ಲೇ ಟಿ790ಎಂ ಎಂಬ, ಔಷಧಿಗೆ ಜಗ್ಗದಂತೆ ಮಾಡುವ ನಿಜವಾದ ಮ್ಯುಟೇಶನ್ ಸಿಗುತ್ತದೆ. ಅದು ಎಲ್ಲಿಂದ ಬರುತ್ತದೆ? 2016ರಲ್ಲಿ ಅದೇ ಬಾಸ್ಟನ್ ಆಸ್ಪತ್ರೆಯ ಏರನ್ ಹಾಟಾ ಮತ್ತು ಜೊತೆಗಾರರು ಪಿಸಿ9ನಲ್ಲೇ ಇದನ್ನು ಬೆನ್ನು ಹತ್ತಿದರು. ಕೆಲವು ಸಲ ಟಿ790ಎಂ ಇರುವ ಕೋಶಗಳು ಮೊದಲೇ ಇದ್ದವು, ಬೇಗ ಎದ್ದವು. ಇನ್ನು ಕೆಲವು ಸಲ ಮೊದಲು ಅದು ಇರಲೇ ಇಲ್ಲ. ಪರ್ಸಿಸ್ಟರ್ ಆಗಿ ಉಳಿದ ಕೋಶಗಳಲ್ಲಿ ತಡವಾಗಿ ಹುಟ್ಟಿತು. ಅಂದರೆ ಮ್ಯುಟೇಶನ್ ಮತ್ತು ಜೀನ್ ನಿಯಂತ್ರಣ ಬೇರೆ ಬೇರೆ ಕಥೆಗಳಲ್ಲ. ಮೊದಲು ಉಳಿದುಕೊಳ್ಳುವುದು, ಆಮೇಲೆ ಬದಲಾಗುವುದು.

ಇನ್ನೂ ದೂರ ಹೋಗುವ ಕೋಶಗಳೂ ಇವೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಔಷಧಿ ಕೈಕೊಟ್ಟ 37 ರೋಗಿಗಳ ಪೈಕಿ 5 ಜನರ ಗಡ್ಡೆ ಅಡಿನೋಕಾರ್ಸಿನೋಮದ ರೂಪವನ್ನೇ ಬಿಟ್ಟು ಸ್ಮಾಲ್ ಸೆಲ್ ಎಂಬ ಇನ್ನೊಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತು. ಮೂಲದ ಇಜಿಎಫ್‌ಆರ್ ಮ್ಯುಟೇಶನ್ ಹಾಗೇ ಇತ್ತು, ವೇಷ ಪೂರ್ತಿ ಬೇರೆ.

ಚಿತ್ರ ಪೂರ್ತಿ ನೇರವಾಗಿಲ್ಲ ಎಂಬುದನ್ನೂ ಹೇಳಬೇಕು. 2021ರಲ್ಲಿ ಯಾರಾ ಒರೆನ್, ಜೋನ್ ಬ್ರಗ್, ಅವಿವ್ ರೆಗೆವ್ ಮತ್ತು ಜೊತೆಗಾರರು ಪ್ರತಿ ಪಿಸಿ9 ಕೋಶಕ್ಕೂ ಡಿಎನ್‌ಎ ಬಾರ್‌ಕೋಡ್, ಅಂದರೆ ಮಕ್ಕಳಿಗೂ ದಾಟುವ ಗುರುತು, ಹಾಕಿ ಹಿಂಬಾಲಿಸಿದರು. ಔಷಧಿಯ ನಡುವೆ ಒಡೆಯುವ ಪರ್ಸಿಸ್ಟರ್‌ಗಳು ಒಂದು ವಂಶದವು, ಮಲಗಿಯೇ ಇರುವವು ಬೇರೆ ವಂಶದವು ಎಂದು ಕಂಡಿತು. ಒಡೆಯುವವು ಕೊಬ್ಬನ್ನು ಉರಿಸಿ ಬದುಕುವ ಕಡೆ ಹೆಚ್ಚು ವಾಲಿದ್ದವು. ಹಾಗಾದರೆ ಎಲ್ಲ ಕೋಶಕ್ಕೂ ಸಮಾನ ಅವಕಾಶ ಇಲ್ಲ, ಕೆಲವು ಮೊದಲೇ ಸ್ವಲ್ಪ ಹತ್ತಿರದಲ್ಲಿ ನಿಂತಿರುತ್ತವೆ. ಆದರೆ ಆ ಹತ್ತಿರವೂ ಜೀನ್ ಓದುವ ರೀತಿಯಿಂದ ಬಂದಿರಬಹುದು. ನನ್ನ ಮಟ್ಟಿಗೆ 2010ರ ಮೂಲ ಮಾತು ಇದರಿಂದ ಬೀಳುವುದಿಲ್ಲ, ಇನ್ನೂ ಸೂಕ್ಷ್ಮವಾಗುತ್ತದೆ.

ಚಿಕಿತ್ಸೆಗೆ ಬಂದಾಗ

ಫ್ಲಾಸ್ಕಿನಲ್ಲಿ ಎಚ್‌ಡಿಎಸಿ ತಡೆದರೆ ಪರ್ಸಿಸ್ಟರ್ ಸಾಯುತ್ತದೆ. ಹಾಗಾದರೆ ರೋಗಿಗಳಿಗೂ ಕೊಟ್ಟರಾಯಿತಲ್ವಾ? ಕೊಟ್ಟು ನೋಡಿದರು. ಎರ್ಲೋಟಿನಿಬ್ ಜೊತೆ ಎಂಟಿನೋಸ್ಟಾಟ್ ಎಂಬ ಎಚ್‌ಡಿಎಸಿ ತಡೆಯುವ ಔಷಧಿ ಸೇರಿಸಿದ ಟ್ರಯಲ್ 2012ರಲ್ಲಿ ಪ್ರಕಟವಾಯಿತು. ಒಟ್ಟಾರೆ ರೋಗಿಗಳಲ್ಲಿ ರೋಗ ತಡೆದ ಅವಧಿ ಹೆಚ್ಚಲಿಲ್ಲ. ಆ ರೋಗಿಗಳನ್ನು ಇಜಿಎಫ್‌ಆರ್ ಮ್ಯುಟೇಶನ್ ನೋಡಿ ಆರಿಸಿರಲಿಲ್ಲ, ಎಲ್ಲರೂ ಮೊದಲೇ ಕೀಮೋ ಮುಗಿಸಿದ್ದವರು. ಇಜಿಎಫ್‌ಆರ್ ಔಷಧಿಗೆ ಕುಗ್ಗದ ಗಡ್ಡೆಯಲ್ಲಿ ಪರ್ಸಿಸ್ಟರ್ ಅನ್ನುವ ಹಂತವೇ ಬರುವುದಿಲ್ಲ, ಹಾಗಾಗಿ ಸರಿಯಾದ ಪರೀಕ್ಷೆ ಅದಾಗಿರಲಿಲ್ಲ ಎಂದು ನನಗೆ ಅನಿಸುತ್ತದೆ. ಐಜಿಎಫ್1 ದಾರಿ ತಡೆಯುವ ಲಿನ್ಸಿಟಿನಿಬ್ ಅನ್ನು ಇಜಿಎಫ್‌ಆರ್ ಮ್ಯುಟೇಶನ್ ಇರುವವರಲ್ಲೇ ಎರ್ಲೋಟಿನಿಬ್ ಜೊತೆ ಕೊಟ್ಟಾಗಲೂ ಫಲ ಸಿಗಲಿಲ್ಲ. ಫ್ಲಾಸ್ಕಿನಿಂದ ಹಾಸಿಗೆಯವರೆಗಿನ ದಾರಿ ಉದ್ದ. ಇಂಥ ಸೋಲುಗಳನ್ನೂ ಪ್ರಕಟಿಸಿದವರ ಬಗ್ಗೆ ನನಗೆ ಗೌರವ ಇದೆ.

ಗೆದ್ದ ಪ್ರಯತ್ನಗಳು ಬೇರೆ ದಿಕ್ಕಿನಿಂದ ಬಂದವು. ಅವುಗಳಲ್ಲಿ ಒಂದು ನಮ್ಮ ಪಕ್ಕದಿಂದಲೇ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಇಜಿಎಫ್‌ಆರ್ ಮ್ಯುಟೇಶನ್ ಇದ್ದ 350 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಜೆಫಿಟಿನಿಬ್ ಮಾತ್ರ. ಇನ್ನೊಂದಕ್ಕೆ ಮೊದಲ ದಿನದಿಂದಲೇ ಜೆಫಿಟಿನಿಬ್ ಜೊತೆ ಪೆಮೆಟ್ರೆಕ್ಸೆಡ್, ಕಾರ್ಬೋಪ್ಲಾಟಿನ್ ಕೀಮೋ. 2020ರಲ್ಲಿ ಬಂದ ಫಲಿತಾಂಶದಲ್ಲಿ ರೋಗ ಮುಂದುವರಿಯದೆ ಇದ್ದ ಅವಧಿ ಮಾತ್ರೆ ಒಂದೇ ತೆಗೆದುಕೊಂಡವರಲ್ಲಿ 8 ತಿಂಗಳು, ಎರಡೂ ತೆಗೆದುಕೊಂಡವರಲ್ಲಿ 16 ತಿಂಗಳು. ಅಡ್ಡ ಪರಿಣಾಮ ಜಾಸ್ತಿ ಆಯಿತು, ಅದೂ ನಿಜ. 2023ರಲ್ಲಿ ಹೊಸ ಮಾತ್ರೆ ಒಸಿಮರ್ಟಿನಿಬ್ ಜೊತೆ ಕೀಮೋ ಸೇರಿಸಿದ ಜಾಗತಿಕ ಟ್ರಯಲ್‌ನಲ್ಲೂ ಅದೇ ದಿಕ್ಕು: 16.7 ತಿಂಗಳಿದ್ದದ್ದು 25.5 ತಿಂಗಳಾಯಿತು. ಈ ಟ್ರಯಲ್‌ಗಳು ಪರ್ಸಿಸ್ಟರ್ ಅನ್ನು ಅಳೆಯಲು ಮಾಡಿದವಲ್ಲ. ಆದರೂ ಕೋಶ ಮಲಗುವ ಮೊದಲೇ, ಇನ್ನೂ ಒಡೆಯುತ್ತಿರುವಾಗಲೇ ಎರಡು ಕಡೆಯಿಂದ ಹೊಡೆಯುವುದು ಒಳ್ಳೆಯದು ಎಂಬ ಮಾತಿಗೆ ಇವು ಹೊಂದುತ್ತವೆ.

ಅಜ್ಜಿಯ ಪ್ರಶ್ನೆಗೆ ಆವತ್ತು ನಾನು ಒಂದು ಲೆಕ್ಕ ಹೇಳಿದ್ದೆ. ಒಂದು ಘನ ಸೆಂಟಿಮೀಟರ್ ಗಡ್ಡೆಯಲ್ಲಿ ಹತ್ತು ಕೋಟಿಯಿಂದ ನೂರು ಕೋಟಿ ಕೋಶ ಇರಬಹುದು. ಫ್ಲಾಸ್ಕಿನ ಲೆಕ್ಕವನ್ನು ಹಾಗೇ ಎದೆಗೆ ಹಚ್ಚುವುದು ಸರಿಯಲ್ಲ, ಆದರೂ ಅಂದಾಜಿಗೆ ಸಾವಿರಕ್ಕೆ ಮೂರು ಎಂದು ಹಿಡಿಯಿರಿ. ಮೂರು ಲಕ್ಷದಿಂದ ಮೂವತ್ತು ಲಕ್ಷ ಕೋಶ. ಅಲ್ಲಲ್ಲಿ ಚೆದುರಿ ಕೂತರೆ ಯಾವ ಸ್ಕ್ಯಾನ್‌ಗೂ ಕಾಣುವುದಿಲ್ಲ. "ಮಾತ್ರೆ ಇದ್ರೆ ಅವು ಹೆಚ್ಚಿನವು ಮಲಗಿರ್ತಾವೆ ಅಜ್ಜಿ. ಡಾಕ್ಟರ್ ಹೇಳದೆ ನಿಲ್ಲಿಸ್ಬೇಡಿ," ಎಂದೆ. ಅವರು ಕವರನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು, "ಹಂಗಾದ್ರೆ ಅವು ಮಲಗಿರುವಾಗ್ಲೇ ಕೊಲ್ಲೋ ಮಾತ್ರೆ ಬರ್ಲಿ," ಎಂದರು.

ಈಗ ಲ್ಯಾಬ್‌ಗಳಲ್ಲಿ ಹುಡುಕುತ್ತಿರುವುದು ಅದನ್ನೇ. ಫ್ಲಾಸ್ಕಿನಲ್ಲಿ ಔಷಧಿ ನಿಲ್ಲಿಸಿ ಕೆಲವು ದಿನ ಬಿಟ್ಟರೆ ಗುಲಾಬಿ ದ್ರವ ಮೊದಲು ಕಿತ್ತಳೆಯಾಗುತ್ತದೆ, ಆಮೇಲೆ ಹಳದಿ. ಬೆಳೆಯುವ ಕೋಶಗಳು ಬಿಡುವ ಆಮ್ಲಕ್ಕೆ ಬಣ್ಣ ಹಾಗೆ ತಿರುಗುತ್ತದೆ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ, ಒಂಟಿಯಾಗಿ ಕೂತಿದ್ದ ಜಾಗದಲ್ಲಿ ಈಗ ಒಂದು ಪುಟ್ಟ ಗುಂಪು ಇದೆ.